ಸುಭದ್ರಾಬಾಯಿ ಓದದೇ ಬಿಟ್ಟ ಪುಟ

ನನ್ನ ಹೆಸರು ಶಾಂತಪ್ಪ. ಹೆಸರಿನಾಗ ಅಷ್ಟ ಶಾಂತಿ, ಉಳಿದದ್ದೆಲ್ಲಾ ಸಿಟ್ಟು. ಯಾದಗಿರಿ ಕಡೆಯಿಂದ ಬಂದು ಸಿಕಂದರಾಬಾದ್ ಸ್ಟೇಷನ್ ಹಿಂದಿನ ಗಲ್ಲಿಯೊಳಗ ಮೂವತ್ತು ವರ್ಷ ಕಳದೀನಿ. ಅಷ್ಟೂ ವರ್ಷ ಮಾಡಿದ್ದು ಒಂದ ಕೆಲಸ, ಇನ್ನೊಬ್ಬರ ಗಾಡಿ ಓಡಿಸೋದು. ಹಿಂದ ಕೂತವರು ಏನ ಮಾತಾಡಲಿ, ಡ್ರೈವರ್ ಆದವ ಬಾಯಿ ಮುಚಗೊಂಡು ರಸ್ತೆ ನೋಡಬೇಕು ಅಂತಾರ. ನಾನೂ ಹಂಗ ಬಾಯಿ ಮುಚಗೊಂಡು ಒಂದು ತಪ್ಪು ಮಾಡೀನಿ. ಅದು ಸುಭದ್ರಾಬಾಯಿಯವರ ವಿಷಯದಾಗ. ಅವರ ಕಥಿ ಹೇಳ್ತೀನಿ, ಅದರೊಳಗ ನಂದೂ ಬರತೈತಿ.

ಸುಭದ್ರಾಬಾಯಿ ಹುಟ್ಟಿ ಬೆಳದದ್ದೆಲ್ಲಾ ನಾರಾಯಣಗೂಡದಾಗ. ಅವರ ಅಜ್ಜ ನಿಜಾಮನ ಕಾಲಕ್ಕ ಕಲಬುರ್ಗಿ ಕಡೆಯಿಂದ ಸರ್ಕಾರಿ ನೌಕರಿಗಂತ ಬಂದು ಇಲ್ಲೇ ಬೇರು ಬಿಟ್ಟವರಂತ. ಮನಿಯೊಳಗ ಕನ್ನಡ, ಬೀದಿಯೊಳಗ ತೆಲುಗು, ತರಕಾರಿಯವನ ಕೂಡ ಉರ್ದು. ಕನ್ನಡ ಸಾಲಿಯೊಳಗ ಇಪ್ಪತ್ತು ವರ್ಷ ಟೀಚರ್ ಇದ್ರು. ಗಂಡ ನರಸಿಂಹರಾಯರು ರಕ್ಷಣಾ ಇಲಾಖೆಯ ಫ್ಯಾಕ್ಟರಿಯೊಳಗ ನೌಕರಿಗಿದ್ರು. ಒಂದಿನ ಮುಂಜಾನೆ ಡ್ಯೂಟಿಗೆ ಹೊಂಟವರು ಬಸ್ ಸ್ಟಾಪಿನಾಗ ಎದಿ ಹಿಡಕೊಂಡು ಕೂತರು, ಮತ್ತ ಏಳಲಿಲ್ಲ. ಮಕ್ಕಳಿರಲಿಲ್ಲ. ಅತ್ತಿ ಯಮುನಾಬಾಯಿ, ಎಂಬತ್ತು ದಾಟಿದ ಮುದುಕಿ, ಮತ್ತ ಈಕಿ. ಇಬ್ಬರ ಸಂಸಾರ. ಮುಂದ ಸಾಲಿಯೊಳಗ ಕನ್ನಡ ಕಲಿಯೋ ಮಕ್ಕಳು ಕಡಿಮಿ ಆಗ್ತಾ ಆಗ್ತಾ ಕಡೀಕ ಒಂದು ವರ್ಗಕ್ಕ ನಾಕು ಮಂದಿ ಉಳದ್ರು, ಸೆಕ್ಷನ್ ಮುಚ್ಚಿದ್ರು. ನಲವತ್ತೇಳನೇ ವಯಸ್ಸಿನಾಗ ಹೆಣಮಗಳು ಹೊಸ ಕೆಲಸ ಹುಡಕಬೇಕಾತು.

ಸಿಕ್ಕದ್ದು ಒಂದು ಸಿಮೆಂಟ್ ಕಂಪನಿಯೊಳಗ. ಅವರಿಗೆ ತಾಂಡೂರಿನ ಕಡೆ ಬಂಡಗುಂಟ ಅನ್ನೋ ಊರಿನ ಬಾಜೂಕಿನ ಗುಡ್ಡದಾಗ ಸುಣ್ಣಗಲ್ಲಿನ ಗಣಿ ಬೇಕಾಗಿತ್ತು. ಎರಡು ಸಾವಿರದ ಏಳನೇ ಇಸ್ವಿ. ಆಗ ಆಂಧ್ರ ಇನ್ನೂ ಒಂದ ಇತ್ತು, ಎಲ್ಲಾ ಫೈಲು ಹೈದರಾಬಾದಿನಾಗ ತಿರಗತಿದ್ವು. ಆದ್ರ ಗಣಿ ಆಗಬೇಕಂದ್ರ ಊರಾಗ ಹಿಯರಿಂಗ್ ಅಂತ ನಡೀಬೇಕು. ಕಲೆಕ್ಟರ್ ಸಾಹೇಬ್ರು ಕೂತು, ಮೈಕ್ ಇಟ್ಟು, ಗಣಿ ಬೇಕೋ ಬ್ಯಾಡೋ ಅಂತ ಜನರನ್ನ ಕೇಳ್ತಾರ. ಬಂಡಗುಂಟದ ಮಂದಿ ಅರ್ಧ ಕನ್ನಡ, ಅರ್ಧ ತೆಲುಗು. ಹೆಣಮಕ್ಕಳಂತೂ ಬರೇ ಕನ್ನಡ. ಕಂಪನಿಯಿಂದ ಮೊದಲ ಹೋದ ಅಧಿಕಾರಿಗಳ ತೆಲುಗು ಕೇಳಿ ಬಾಗಲಾ ಹಾಕ್ಕೊಂಡಿದ್ರಂತ. ಅದಕ್ಕ ಸುಭದ್ರಾಬಾಯಿ ಬೇಕಾದ್ರು, ಅವರನ್ನ ಕರಕೊಂಡು ಹೋಗಾಕ ನಾನು ಬೇಕಾದೆ.

ಮ್ಯಾನೇಜರ್ ವಾಸುದೇವ ಸಾಹೇಬ್ರು ನಮ್ಮ ರಾಯಚೂರ ಕಡೆಯವರು. ಕೆಟ್ಟ ಮನಷ್ಯಾ ಅಲ್ಲ, ಮಾತು ಬೆಣ್ಣಿ. ಮೊದಲನೇ ದಿನ ಗಾಡಿಯೊಳಗ ಕೂತು, "ನೋಡ್ರಿ ಸುಭದ್ರಾಬಾಯಿ, ಸರ್ಕಾರ ಕೊಡೋದು ಒಂದು ಲೈಸೆನ್ಸು, ಊರಿನ ಜನ ಕೊಡೋದು ಇನ್ನೊಂದು. ಈ ಎರಡನೇದು ಕಾಗದದ ಮ್ಯಾಲೆ ಬರಂಗಿಲ್ಲ. ಅದನ್ನ ತರೋದು ನಿಮ್ಮ ಕೆಲಸ," ಅಂದ್ರು. ನನ್ನ ಗಾಡಿ ಲೈಸೆನ್ಸಿಗೇ ಎಂಟು ಸಲ ಅಲದಿದ್ದೆ, ಈ ಬಾಯಿಯವರು ಎಷ್ಟು ಅಲೀಬೇಕೋ ಏನೋ ಅಂತ ಮನಸಿನಾಗ ನಕ್ಕೆ.

ಅಲದ್ವಿ. ವಾರಕ್ಕ ಮೂರು ದಿನ, ಮುಂಜಾನೆ ಆರಕ್ಕ ನಾರಾಯಣಗೂಡ ಬಿಟ್ಟರ ಹತ್ತಕ್ಕ ಬಂಡಗುಂಟ. ಬಾಯಿಯವರು ಕುರ್ಚಿ ಮುಟ್ಟತಿರಲಿಲ್ಲ, ಊರ ಬಾವಿ ಕಟ್ಟೀ ಮ್ಯಾಲೆ ಹೆಣಮಕ್ಕಳ ನಡುವ ಕೂಡತಿದ್ರು. ಆ ಬಾವಿ ಬಗ್ಗೆ ಹೇಳಬೇಕು. ಸುತ್ತಲಿನ ಊರಿನ ನೀರೆಲ್ಲಾ ಸೌಳು, ಬ್ಯಾಳಿ ಬೇಯಂಗಿಲ್ಲ. ಇದೊಂದರದ ಸಿಹಿ. ನಾವು ಹೋದ ಮೊದಲನೇ ದಿನ ಸೂಗಮ್ಮ ಅನ್ನಾಕಿ ಹಿತ್ತಾಳಿ ತಂಬಿಗೆಯೊಳಗ ಆ ನೀರು ತಂದು ಕೊಟ್ಟಳು. ಸೂಗಮ್ಮಗ ಅರವತ್ತರ ಹತ್ರ ವಯಸ್ಸು, ಊರಿನ ಹೆಣಮಕ್ಕಳಿಗೆಲ್ಲಾ ಹಿರಿಯಾಕಿ. ಆಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ನಾನು ಒಂದ ದಮ್ಮಿಗೆ ಅರ್ಧ ತಂಬಿಗಿ ಕುಡದೆ. ಹೈದರಾಬಾದಿನ ನಳದ ನೀರು ಕುಡದ ಗಂಟಲಿಗೆ ಏನ ಸುಖ ಅಂತೀರಿ.

ಕಂಪನಿಯವರು ಒಂದು ದಪ್ಪ ಪುಸ್ತಕ ಕೊಟ್ಟಿದ್ರು, ತೆಲುಗಿನಾಗ. ಎಷ್ಟು ಆಳ ತೋಡ್ತಾರ, ಎಷ್ಟು ಧೂಳು ಏಳತೈತಿ, ಮದ್ದು ಯಾವಾಗ ಹಾರಿಸ್ತಾರ, ಎಲ್ಲಾ ಅದರಾಗಿತ್ತು. ಬಾಯಿಯವರು ಸಾಲಿಯೊಳಗ ಓದಿಸಿದಂಗ ಒಂದೊಂದ ಪುಟ ಕನ್ನಡದಾಗ ಬಿಡಿಸಿ ಹೇಳತಿದ್ರು. ಯಾರಾದ್ರೂ ತೂಕಡಿಸಿದ್ರ, "ಏಳವ್ವಾ, ನಾಳೆ ಮನಿ ಗ್ವಾಡಿ ಬಿರುಕು ಬಿಟ್ಟಾಗ ನನ್ನ ಬೈಬ್ಯಾಡ," ಅಂತ ಎಬ್ಬಸತಿದ್ರು. ಧೂಳಿನ ಮಾತು ಮುಚ್ಚಿಡಲಿಲ್ಲ, ಮದ್ದಿನ ಮಾತೂ ಮುಚ್ಚಿಡಲಿಲ್ಲ. ಅದಕ್ಕ ಆ ಹೆಣಮಕ್ಕಳು ನಂಬಿದ್ರು. ನಾನೂ ನಂಬಿದ್ದೆ.

ನಲವತ್ತೊಂದನೇ ಪುಟದ ತನಕ ಹಿಂಗ ನಡೀತು.

ಆ ಪುಟದಾಗ ನೀರಿನ ವಿಷಯ ಇತ್ತು. ಗಣಿ ಇಪ್ಪತ್ತು ಮೀಟರ್ ಕೆಳಗಿಳದ ಮ್ಯಾಲೆ ಅರ್ಧ ಮೈಲಿನೊಳಗಿನ ಬಾವಿಗಳ ನೀರು ಕೆಳಗ ಹೋಗಬಹುದು, ಬತ್ತಲೂಬಹುದು ಅಂತ. ಆ ದಿನ ಸಾಹೇಬ್ರೂ ನಮ್ಮ ಕೂಡ ಗಾಡಿಯೊಳಗ ಇದ್ರು. "ಈ ಪುಟ ಇವತ್ತ ಬ್ಯಾಡ್ರಿ," ಅಂದ್ರು.

"ಓದಬೇಕಲ್ರಿ ಸರ್. ಅವರು ಕೇಳೋದ ಅದನ್ನ."

"ಬತ್ತಬಹುದು ಅಂತ ಅದ, ಬತ್ತತದ ಅಂತ ಇಲ್ಲ. ಹಿಯರಿಂಗಿನಾಗ ತಜ್ಞರು ಬಂದು ತಿಳಿಸಿ ಹೇಳ್ತಾರ. ಈಗ ಯಾಕ ಹೆದರಸ್ತೀರಿ?"

ಬಾಯಿಯವರು ಪುಸ್ತಕ ಮುಚ್ಚಿ ಚೀಲದಾಗ ಇಟ್ರು. ಅವರ ಮನಸಿನಾಗ ಏನಿತ್ತು ಅಂತ ನನಗ ಗೊತ್ತಿತ್ತು. ಮನಿಯೊಳಗ ಮುದುಕಿ, ಕೈಯಾಗ ಈ ಒಂದ ನೌಕರಿ, ಮುಂದ ಯಾವ ಬಾಗಲಾನೂ ಕಾಣವಲ್ದು. ನನಗ ಸಾಹೇಬ್ರ ಮ್ಯಾಲೆ ಸಿಟ್ಟು ಬಂತು. ಸಿಟ್ಟು ಬಂದು ಏನ ಮಾಡಿದೆ? ಗೇರ್ ಬದಲಿಸಿದೆ.

ಆ ಮಧ್ಯಾಹ್ನ ಬಾವಿ ಕಟ್ಟೀ ಮ್ಯಾಲೆ ಅವರು ನಲವತ್ತನೇ ಪುಟ ಓದಿ, ಬೆರಳಿಗೆ ಎಂಜಲು ಹಚ್ಚಿ, ಎರಡು ಹಾಳಿ ಕೂಡೇ ತಿರುವಿದ್ದನ್ನ ನಾನು ಗಾಡಿ ಬಾಜೂಕ ನಿಂತು ನೋಡಿದೆ. ಸೂಗಮ್ಮ ಕೇಳೇ ಕೇಳಿದಳು, "ಯವ್ವಾ, ನಮ್ಮ ಬಾವಿಗೇನಾರ ಆಗತೈತೇನು?"

"ಬಾವಿ ಕಂಪನಿ ನೋಡ್ಕೋತದ," ಅಂದ್ರು ಬಾಯಿಯವರು.

ಅಲ್ಲಿಗೇ ಮುಗೀಲಿಲ್ಲ. ಆ ದಿನ ಹೆಣಮಕ್ಕಳು ಮೊದಲ ತಯಾರಾಗಿ ಬಂದಿದ್ರು. ಸೂಗಮ್ಮ ಮೊರದಾಗ ಅಕ್ಕಿ, ಕೊಬ್ಬರಿ ಬಟ್ಟಲಾ, ಎಲಿ ಅಡಕಿ, ಹಸಿರು ಅಂಚಿನ ಕೆಂಪು ಖಣ ಇಟಗೊಂಡು, "ನೀ ನಮ್ಮೂರಿನ ಮಗಳು ಆದಿ, ಸೆರಗ ಒಡ್ಡು, ಉಡಿ ತುಂಬತೀವಿ," ಅಂದಳು. ಮುತ್ತೈದಿಗೆ ಉಡಿ ತುಂಬೋದು ನಮ್ಮ ಕಡೆ ಸಣ್ಣ ಮಾತಲ್ಲ. ತುಂಬಿದ ಮ್ಯಾಲೆ ಆ ಮನಿ ತವರುಮನಿ, ಆಕಿ ಮಗಳು. ಗಂಡ ಇಲ್ಲದಾಕಿಗೆ ತುಂಬಂಗಿಲ್ಲ. ಬಾಯಿಯವರು ಹೈದರಾಬಾದಿನಾಗ ಎಲ್ಲಾ ಟೀಚರುಗಳಂಗ ಹಣಿಗೆ ಸಣ್ಣ ಟಿಕಳಿ, ಕೈಯಾಗ ಎರಡೆರಡು ಬಳಿ ಹಾಕ್ಕೋತಿದ್ರು. ಅಲ್ಲಿ ಯಾರೂ ತಿರುಗಿ ನೋಡಂಗಿಲ್ಲ. ಬಂಡಗುಂಟದವರು ಆ ಟಿಕಳಿ ನೋಡಿ ಮುತ್ತೈದಿ ಅಂತ ತಿಳಕೊಂಡಿದ್ರು. ಬಾಯಿಯವರು ಒಂದು ಕ್ಷಣ ನನ್ನ ಕಡೆ ನೋಡಿದ್ರು. ನಾನು ಟೈರ್ ನೋಡಿದೆ. ಸಾಹೇಬ್ರು ಕರಕೊಂಡು ಬಂದ ಫೋಟೋದವ ಕ್ಯಾಮೆರಾ ಹಿಡಕೊಂಡು ನಿಂತಿದ್ದ. ಬಾಯಿಯವರು ಸೆರಗ ಒಡ್ಡಿದ್ರು.

ವಾಪಸ್ ಬರಬೇಕಾದ್ರ ಸಾಹೇಬ್ರು ಖುಷಿ ಆಗಿದ್ರು. ಆ ಫೋಟೋ ಆಫೀಸಿನ ಗ್ವಾಡಿಗೆ ಹಾಕಸ್ತೀನಿ ಅಂದ್ರು, ಹಾಕಿಸಿದ್ರು ಸೈತ. ಬಾಯಿಯವರು ಉಡಿ ಗಂಟು ತೊಡಿ ಮ್ಯಾಲೆ ಇಟಗೊಂಡು ಕೂತಿದ್ರು. ವಿಕಾರಾಬಾದ ದಾಟಿದ ಮ್ಯಾಲೆ, "ಶಾಂತಪ್ಪ, ನನಗ ಭಾಳ ದಣಿವಾಗೇದ," ಅಂದ್ರು. ನಾನು ಎ.ಸಿ. ಜೋರು ಮಾಡಿದೆ. ಎಂಥಾ ಶಾಣ್ಯಾ ನಾನು.

ಶ್ರಾವಣ ಬಂತು. ಪಂಚಮಿ ಮುಗಿದ ಮಾರನೇ ದಿನ, ಹಿಯರಿಂಗಿಗೆ ಇನ್ನ ಹತ್ತು ದಿನ ಇತ್ತು, ನನ್ನ ಮೊಬೈಲಿಗೆ ನಾಂಪಲ್ಲಿ ಸ್ಟೇಷನ್ನಿನ ಬೂತಿನಿಂದ ಫೋನ್. ಸೂಗಮ್ಮ. "ಯಪ್ಪಾ ಶಾಂತಪ್ಪ, ಮಗಳು ಪಂಚಮಿಗೆ ತವರಿಗೆ ಬರಲಿಲ್ಲ. ಅದಕ್ಕ ನಾವ ಉಂಡಿ ತಗೊಂಡು ಬಂದೀವಿ. ಮನಿ ತೋರಸು." ಬಾಯಿಯವರಿಗೆ ಫೋನ್ ಹಚ್ಚಿದೆ, ಬಂದ್ ಇತ್ತು. ಊರ ಮಂದಿ ಸ್ಟೇಷನ್ನಿನಾಗ ಗಂಟು ಇಟಗೊಂಡು ಕೂತಾಗ ಸುಳ್ಳು ಹೇಳಿ ರೈಲು ಹತ್ತಸಾಕ ಆಗತೈತೇನು? ಸೂಗಮ್ಮ, ಆಕಿ ಕೂಡ ಇನ್ನಿಬ್ಬರು. ಮೂವರನ್ನೂ ಕೂಡಿಸಿಕೊಂಡು ನಾರಾಯಣಗೂಡಕ್ಕ ಹೋದೆ. ದಾರಿಯುದ್ದಕ್ಕೂ ಅವರು ಕೋಚಿಂಗ್ ಸೆಂಟರಿನ ಮುಂದ ನಿಂತ ಹುಡುಗರ ಜಾತ್ರಿ ನೋಡಿ, ಇಷ್ಟು ಮಂದಿ ಯಾಕ ನಿಂತಾರ, ಯಾರ ಸತ್ತಾರೇನು ಅಂತ ಕೇಳಾಕತ್ತಿದ್ರು. ನನಗ ನಗಾಕ ಆಗಲಿಲ್ಲ.

ಬಾಗಲಾ ತಗದಾಕಿ ಯಮುನಾಬಾಯಿ. ಸೊಸಿ ಔಷಧ ತರಾಕ ಹೋಗ್ಯಾಳ, ಬಂದಾಳು, ಕೂಡ್ರಿ ಅಂದಳು. ಮುದುಕಿಗೆ ಕನ್ನಡ ಮಾತಾಡೋ ಮಂದಿ ಸಿಕ್ಕದ್ದ ಹಬ್ಬ. ಸೂಗಮ್ಮ ಗಂಟು ಬಿಚ್ಚಿ ಶೇಂಗಾ ಉಂಡಿ, ಎಳ್ಳಿನ ಉಂಡಿ, ಕೊಬ್ಬರಿ ಬಟ್ಟಲಾ ತಗದು ಇಡಾಕತ್ತಿದ್ಲು. "ಅಳಿಯಂದಿರು ಎಲ್ಲಿ ಅದಾರವ್ವಾ? ಅವರಿಗೂ ಒಂದು ಟವೆಲ್ ತಂದೀವಿ," ಅಂದಳು.

ಯಮುನಾಬಾಯಿ ಗ್ವಾಡಿ ಕಡೆ ಕೈ ತೋರಿಸಿದಳು. ಗಂಧದ ಹಾರ ಹಾಕಿದ ನರಸಿಂಹರಾಯರ ಫೋಟೋ. "ಎಂಟು ವರ್ಷ ಆತಲ್ಲವ್ವಾ," ಅಂದಳು.

ಸೂಗಮ್ಮನ ಕೈಯಾಗಿನ ಉಂಡಿ ಕೈಯಾಗ ಉಳೀತು. ಹಿಂದಿಂದ ಸುಭದ್ರಾಬಾಯಿ ಔಷಧದ ಚೀಲ ಹಿಡಕೊಂಡು ಬಂದು ಹೊಸ್ತಿಲದಾಗ ನಿಂತ್ರು. ಅವರು ಸೀದಾ ಒಳಗ ಹೋಗಿ ಟ್ರಂಕಿನಿಂದ ಆ ಖಣ ತಂದು ಸೂಗಮ್ಮನ ಮುಂದ ಇಟ್ರು. ಹೊಲಿಸಿರಲಿಲ್ಲ, ಮಡಿಕಿ ಸೈತ ಬಿಚ್ಚಿರಲಿಲ್ಲ. "ತಪ್ಪಾತು. ಆ ದಿನಾನ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ," ಅಂದ್ರು.

ಸೂಗಮ್ಮ ಉಂಡಿ ಕೆಳಗಿಟ್ಟು ಫೋಟೋ ಕಡೆ ತಿರುಗಿದಳು. ಬೈತಾಳೇನೋ ಅಂತ ನಾನು ಕಾದೆ. ಬೈದಿದ್ರ ಛಲೋ ಇತ್ತು.

"ಗಂಡ ಇಲ್ಲಂತ ಹೇಳಿದ್ರ ಉಡಿ ತುಂಬತಿರಲಿಲ್ಲ, ಖರೆ," ಅಂದಳು. "ಆದ್ರ ಮಾತು ಕೇಳತಿದ್ವಿ. ಬಾಜೂಕ ಕೂಡಸಿಕೋತಿದ್ವಿ. ಅದು ಹೋಗಲಿ. ಒಂದು ಮಾತು ಕೇಳ್ತೀನಿ, ಈ ಮನುಷ್ಯಾನ ಫೋಟೋ ಮುಂದ ಹೇಳು. ಬಾವಿ ಮಾತೂ ಹಿಂಗೇನು?"

ಸುಭದ್ರಾಬಾಯಿ ನೆಲಕ್ಕ ಕೂತ್ರು. "ಹೂಂ," ಅಂದ್ರು. ಎದ್ದು ಪುಸ್ತಕ ತಂದು, ನಲವತ್ತೊಂದನೇ ಪುಟ ತಗದು, ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ ಕನ್ನಡದಾಗ ಹೇಳಿದ್ರು. ಅರ್ಧ ಮೈಲಿನೊಳಗ ಅಂತ ಬಂದಾಗ ಸೂಗಮ್ಮ, ಗುಡ್ಡದಿಂದ ನಮ್ಮ ಬಾವಿ ಎಷ್ಟು ದೂರ ಐತಿ ಅಂತ ಬಾಜೂಕಿನಾಕಿಗೆ ಕೇಳಿದಳು. ಅರ್ಧ ಮೈಲು ಎಲ್ಲಿದು, ಕೂಗಿದ್ರ ಕೇಳತೈತಿ ಅಂದಳು ಆಕಿ.

ಅವರು ಚಾ ಕುಡೀಲಿಲ್ಲ. ಉಂಡಿ ಮಾತ್ರ ವಾಪಸ್ ಒಯ್ಯಲಿಲ್ಲ, ಮುದುಕಿ ತಿನ್ನಲಿ ಅಂದ್ರು. ಬಾಯಿಯವರು ಖಣ ಎತ್ತಿ ಕೊಡಾಕ ಹೋದ್ರು. ಸೂಗಮ್ಮ ಕೈ ಹಿಂದ ತಗದಳು. "ಉಡಿಗೆ ಹಾಕಿದ್ದು ತಿರುಗಿ ತಗೊಳ್ಳೋದು ನಮ್ಮಲ್ಲಿ ಇಲ್ಲ. ಏನ ಮಾಡ್ತೀ ಮಾಡು," ಅಂದು ಚಪ್ಪಲಿ ಮೆಟ್ಟಿದಳು. ಮೂವರನ್ನೂ ನಾಂಪಲ್ಲಿಗೆ ಬಿಡಾಕ ನಾನ ಹೋದೆ. ಇಳಿಯೋ ಮುಂದ ಸೂಗಮ್ಮ ನನ್ನ ಕೇಳಿದಳು, "ನಿನಗ ಗೊತ್ತಿತ್ತಲ್ಲಾ, ಯಪ್ಪಾ?" ನಾನು ಹೂಂ ಅಂದೆ. ಎರಡರದೂ ಗೊತ್ತಿತ್ತು, ಫೋಟೋದ್ದೂ, ಪುಟದ್ದೂ.

ಹಿಯರಿಂಗಿನ ದಿನ ಮುಂಜಾನೆ ನಾನು ಕರಕೊಂಡು ಬರಾಕ ಹೋದ್ರ ಬಾಯಿಯವರು ಖಾಲಿ ಹಣಿಯಾಗ ನಿಂತಿದ್ರು. ಮೈಮ್ಯಾಲೆ ಆ ಕೆಂಪು ಖಣದ ಕುಪ್ಪಸ. "ಹೆಂಗ ಕಾಣ್ತೀನಿ, ಶಾಂತಪ್ಪ?" ಅಂದ್ರು. "ನೌಕರಿ ಹೋಗೋ ಹೆಣಮಗಳಂಗ ಕಾಣ್ತೀರಿ," ಅಂದೆ. ನಕ್ಕರು. ಎರಡು ತಿಂಗಳಾಗಿತ್ತು ಆ ನಗಿ ನೋಡಿ.

ಶಾಮಿಯಾನ, ಮೈಕ್, ಕ್ಯಾಮೆರಾ, ಸಾಹೇಬ್ರ ಸಾಲು. ಕಂಪನಿಯ ಕಡೆಯಿಂದ ಕನ್ನಡದಾಗ ಮಾಹಿತಿ ಕೊಡ್ತಾರ ಅಂತ ಇವರ ಹೆಸರು ಕರದ್ರು. ಬಾಯಿಯವರು ಮೈಕ್ ಹಿಡದು, "ಈ ಊರಿನ ಹೆಣಮಕ್ಕಳಿಗೆ ನಾನು ಒಂದು ಪುಟ ಓದದೇ ಬಿಟ್ಟಿದ್ದೆ. ಇವತ್ತ ಎಲ್ಲಾರ ಮುಂದ ಓದತೀನಿ," ಅಂದು ಓದಿದ್ರು. ಒಂದ ಅಕ್ಷರ ನುಂಗಲಿಲ್ಲ. ವಾಸುದೇವ ಸಾಹೇಬ್ರು ಮಾರಿ ತಗ್ಗಿಸಿ ಪೆನ್ನಿನ ಟೊಪ್ಪಿಗಿ ತಗೀತಾ, ಹಾಕ್ತಾ ಕೂತಿದ್ರು. ಆಮ್ಯಾಲೆ ಸೂಗಮ್ಮ ಎದ್ದು ಊಹೂಂ ಅಂದಳು. ಊರೆಲ್ಲಾ ಊಹೂಂ ಅಂತು. ಸೂಗಮ್ಮ ಬಾಯಿಯವರ ಬಾಜೂಕ ಬರಲಿಲ್ಲ. ಕುಪ್ಪಸ ಮಾತ್ರ ನೋಡಿದಳು, ಅದು ನನಗ ಕಂಡಿತು.

ಮರುದಿನ ಬಾಯಿಯವರ ನೌಕರಿ ಹೋತು. ಯಾರೂ ಒದರಾಡಲಿಲ್ಲ, ಸಾಹೇಬ್ರು ಚಾ ಕುಡಸಿ ಕಳಿಸಿದ್ರು. ಗ್ವಾಡಿ ಮ್ಯಾಲಿನ ಫೋಟೋ ತಗದ್ರು. ನಾನೂ ವರ್ಷದೊಳಗ ಬಿಟ್ಟು ಕೊಂಡಾಪುರದ ಆಫೀಸುಗಳಿಗೆ ಹುಡುಗ ಹುಡುಗೀರನ್ನ ಬಿಡೋ ಕ್ಯಾಬ್ ಹಿಡದೆ. ಬಾಯಿಯವರು ಮನಿಯೊಳಗ ಪಾಠ ಹೇಳ್ತಾ, ಮುದುಕೀನ ನೋಡ್ಕೋತಾ ಇದ್ರು. ಯಮುನಾಬಾಯಿ ಹೋದಾಗ ನಾನ ಹೆಗಲು ಕೊಟ್ಟೆ.

ಇಲ್ಲಿಗೆ ಕಥಿ ಮುಗಸಿದ್ರ ಕೇಳಾಕ ಛಲೋ ಇರ್ತಿತ್ತು. ಮುಗೀಲಿಲ್ಲ. ಒಂದೂವರಿ ವರ್ಷಕ್ಕ ಹೊಸ ನಕ್ಷೆ ಮಾಡಿ, ಹೊಸ ಮಂದೀನ ಕಳಿಸಿ, ಇನ್ನೊಂದು ಹಿಯರಿಂಗ್ ಆತು. ಊರು ಅರ್ಧ ಹೌದು ಅಂತು, ಅರ್ಧ ಅಲ್ಲ ಅಂತು. ಬಾವಿಗೇನಾದ್ರೂ ಆದ್ರ ಕಂಪನಿ ನೀರು ಕೊಡಬೇಕು ಅಂತ ಷರತ್ತು ಬರದು ಸರ್ಕಾರದವರು ಗಣಿಗೆ ಹೂಂ ಅಂದ್ರು. ಸುದ್ದಿ ಹೇಳಾಕ ಹೋದಾಗ ಬಾಯಿಯವರು ಕಾಳು ಆರಸಾಕತ್ತಿದ್ರು. "ಹಂಗಾದ್ರ ಓದಿದ್ದು ದಂಡ ಆತಲ್ಲೋ," ಅಂದ್ರು. ದಂಡ ಅಂತ ನನಗೂ ಅನಸಿತ್ತು.

ಎರಡು ಸಾವಿರದ ಹನ್ನೆರಡರ ಬ್ಯಾಸಗಿಯೊಳಗ ಸೂಗಮ್ಮ ಫೋನ್ ಮಾಡಿದಳು. ಐದು ವರ್ಷದ ಮ್ಯಾಲೆ. "ಮಗಳನ್ನ ಕರಕೊಂಡು ಬಾ. ಆ ಪುಟ ಇದ್ರ ತರಾಕ ಹೇಳು," ಅಂದು ಇಟ್ಟಳು.

ರವಿವಾರ ನನ್ನ ಕ್ಯಾಬಿನಾಗ ಹೋದ್ವಿ. ಗುಡ್ಡ ಇದ್ದಲ್ಲಿ ತೆಗ್ಗು ಇತ್ತು. ಬಾವಿಯೊಳಗ ಇಣಿಕಿ ನೋಡಿದೆ, ಕೆಳಗ ಬಿರುಕು ಬಿಟ್ಟ ಕೆಸರು. ಸೂಗಮ್ಮ ಸೊರಗಿದ್ಲು, ಆಕಿಯ ಹಣಿಯೂ ಈಗ ಖಾಲಿ. ಅದ ಹಿತ್ತಾಳಿ ತಂಬಿಗೆಯೊಳಗ ನೀರು ತಂದು ಕೊಟ್ಟಳು. "ಟ್ಯಾಂಕರಿನದು. ಎರಡು ದಿನಕ್ಕೊಮ್ಮೆ ಬರತಿತ್ತು, ಈಗ ವಾರಕ್ಕೊಮ್ಮೆ. ಕಂಪನಿ ಮ್ಯಾಲೆ ಕೇಸ್ ಹಾಕತೀವಿ," ಅಂದಳು. ಸುಭದ್ರಾಬಾಯಿ ತಂಬಿಗಿ ಎತ್ತಿ ಪೂರಾ ಕುಡದ್ರು. ನಾನೂ ಒಂದು ಗುಟುಕು ಕುಡದೆ, ಪೈಪಿನ ವಾಸನಿ ಇತ್ತು.

"ನನ್ನ ಮ್ಯಾಲೆ ಸಿಟ್ಟು ಇಲ್ಲೇನವ್ವಾ?" ಅಂತ ಬಾಯಿಯವರು ಕೇಳಿದ್ರು. "ನಾನು ಓದಿದ್ರೂ ಬಾವಿ ಉಳೀಲಿಲ್ಲ."

"ಸಿಟ್ಟು ಇತ್ತು," ಅಂದಳು ಸೂಗಮ್ಮ. "ಬಾವಿ ಬತ್ತಿದ ದಿನಾನ ಅದು ಹೋತು. ಬಾಜೂಕಿನ ಊರಾಗೂ ಒಂದು ಬಾವಿ ಬತ್ತೈತಿ. ಅವರಿಗೆ ಯಾರೂ ಏನೂ ಓದಿ ಹೇಳಿಲ್ಲ. ಯಾರ ಪಾಪ ಮಾಡ್ಯಾರಂತ ಹುಡಕಾಕತ್ತಾರ. ಮೊನ್ನಿ ಒಬ್ಬಾಕಿ ಮುಟ್ಟಾದಾಗ ಬಾವಿ ಮೆಟ್ಟಲಾ ಇಳದ್ಲು ಅಂತ ಆಕೀನ ಊರ ಬಿಡಿಸ್ಯಾರ. ನಮ್ಮೂರಾಗ ಯಾರನ್ನೂ ಬಿಡಿಸಿಲ್ಲ. ನಮಗ ಗೊತ್ತೈತಿ, ಯಾರ ಕೆಲಸ ಅಂತ."

ಸುಭದ್ರಾಬಾಯಿ ಚೀಲದಿಂದ ಪುಸ್ತಕ ತಗದ್ರು. ಸೂಗಮ್ಮ ಕೇರಿಯ ಹೆಣಮಕ್ಕಳನ್ನೆಲ್ಲಾ ಕೂಗಿ ಕರದಳು, ಹೊಸದಾಗಿ ಬಂದ ಸೊಸ್ತೇರನ್ನೂ. ಎಲ್ಲಾರೂ ಬಾವಿ ಕಟ್ಟೀ ಮ್ಯಾಲೆ ಕೂತ್ರು. "ಇವರು ಕೇಳಿಲ್ಲ. ಇನ್ನೊಮ್ಮೆ ಓದು," ಅಂದಳು. ಬಾಯಿಯವರು ಬೆರಳಿಗೆ ಎಂಜಲು ಹಚ್ಚಿ, ನಲವತ್ತನೇ ಪುಟ ತಿರುವಿ, ಆ ಪುಟ ಓದಾಕತ್ತಿದ್ರು. ನಾನು ಈ ಸಲ ಗಾಡಿ ಹತ್ರ ನಿಲ್ಲಲಿಲ್ಲ, ಹೋಗಿ ಅವರ ಬಾಜೂಕ ಕೂತೆ.